ಇಪ್ಪತ್ತೊಂದು ಹಿಡಿ ದೂರ

ನಮ್ಮ ಮನೆಯ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಭರಣಿಗೆ ಈಗ ಕ್ಯಾಮೆರಾ ಲೆನ್ಸಿನ ಮುಚ್ಚಳವೇ ಮುಚ್ಚಳ. ಭರಣಿಯ ಸ್ವಂತ ಮುಚ್ಚಳ ಒಡೆದು ತಿಂಗಳಾಗಿತ್ತು. ಹೆಂಡತಿ ಸುಮಂಗಲಾ ಅದರ ಬಾಯಿಗೆ ಒಂದು ವಾಟಿಯನ್ನು ಬೋರಲು ಹಾಕಿ ಕಾಲ ತಳ್ಳುತ್ತಿದ್ದಳು. ಒಂದು ದಿನ ಒಗೆಯಲು ಹಾಕಿದ್ದ ನನ್ನ ಅಂಗಿಯ ಕಿಸೆಯಲ್ಲಿ ಆಕೆಗೆ ಒಂದು ಕರಿಯ ಬಿಲ್ಲೆ ಸಿಕ್ಕಿತು.

"ಇದು ಯಾತರ ಮುಚ್ಚಳ್ರೀ?"

"ಲೆನ್ಸಿಂದು."

"ಲೆನ್ಸ್ ಎಲ್ಲೈತಿ?"

"ವಾಪಸ್ ಕೊಟ್ಟೇನಿ."

"ಹಂಗಾರ ಇದು ಹಿಂಡೀಗೆ," ಎಂದು ಆಕೆ ಭರಣಿಯ ಮೇಲಿಟ್ಟು ಒತ್ತಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಈಗ ದಿನಾ ಎರಡು ಹೊತ್ತು ರೊಟ್ಟಿಗೆ ಹಿಂಡಿ ಹಾಕಿಕೊಳ್ಳಲು ಅದನ್ನು ತೆಗೆಯುತ್ತೇನೆ, ಮುಚ್ಚುತ್ತೇನೆ. ತೆಗೆದಾಗೊಮ್ಮೆ ತಿಕೋಟಾದ ನಮ್ಮ ದೊಡ್ಡವ್ವ ನೆನಪಾಗುತ್ತಾಳೆ. ಲೆನ್ಸಿನ ಮುಚ್ಚಳಕ್ಕೂ ದೊಡ್ಡವ್ವನಿಗೂ ಏನು ಸಂಬಂಧ ಎಂದು ನೀವು ಕೇಳಿಯೇ ಕೇಳುತ್ತೀರಿ. ಹೇಳುತ್ತೇನೆ, ಆದರೆ ನಾನು ನೆಟ್ಟಗೆ ಹೇಳುವವನಲ್ಲ. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದವನು, ನದಿಯ ಹಾಗೆ ಸುತ್ತಿ ಬಳಸಿಯೇ ಬರುತ್ತೇನೆ.

ಐವತ್ತು ದಾಟಿದ ಮೇಲೆ ನನಗೆ ಫೋಟೋ ತೆಗೆಯುವ ಹುಚ್ಚು ಹತ್ತಿತು. ಅದೂ ಮದುವೆ ಮುಂಜಿಯ ಫೋಟೋ ಅಲ್ಲ. ಬಯಲು, ಹೊಲ, ದಾರಿ, ಆಕಾಶ, ಊರಿಂದೂರಿಗೆ ತಿರುಗಾಟ. ವಿಜಯಪುರದಲ್ಲಿ ಸ್ಟುಡಿಯೋ ಇಟ್ಟಿರುವ ಶ್ರೀಶೈಲ ಎಂಬ ನನ್ನ ಹಳೆಯ ವಿದ್ಯಾರ್ಥಿಯಿಂದ ಕೈ ಬದಲಾದ, ರೀಲು ಹಾಕುವ ಒಂದು ಹಳೆಯ ಕ್ಯಾಮೆರಾ ಕೊಂಡೆ. ಬರೀ ಕ್ಯಾಮೆರಾ. ಲೆನ್ಸನ್ನು ಬೇರೆ ಆರಿಸಿಕೊಳ್ಳಬೇಕು ಎಂದು ಅವನು ಹೇಳಿದಾಗ ನನಗೆ ಸಂತೋಷವೇ ಆಯಿತು. ಆರಿಸುವ ಸುಖ ಇನ್ನೂ ಬಾಕಿ ಇದೆಯಲ್ಲ!

ಆ ಸುಖ ಆರು ತಿಂಗಳು ನಡೆಯಿತು. ಸಾಲೆಯಿಂದ ಬಂದವನೇ ಮೊಬೈಲು ಹಿಡಿದು ಲೆನ್ಸುಗಳ ಗುಣದೋಷ ಹೇಳುವ ವಿಡಿಯೋ ನೋಡುತ್ತಿದ್ದೆ. ಅದರಲ್ಲಿ ಬರುವವರೆಲ್ಲ ಹಿಮದ ಬೆಟ್ಟದ ಮುಂದೆಯೋ ನೀಲಿ ಸರೋವರದ ಮುಂದೆಯೋ ನಿಂತು ಮಾತಾಡುತ್ತಾರೆ. ನಮ್ಮ ಕಡೆ ಏನಿದೆ? ಕೆಳಗೆ ಕರಿ ಭೂಮಿ, ಮೇಲೆ ಆಕಾಶ, ನಡುವೆ ಒಂದು ಗೆರೆ. ಗುಡ್ಡ ಬೇಕೆಂದರೆ ಜೋಳದ ಕಣಿಕೆಯ ಬಣವೆಯೇ ಗುಡ್ಡ. ಇಂಥ ಸಪಾಟು ಸೀಮೆಗೆ ಯಾವ ಲೆನ್ಸು ಒಳ್ಳೆಯದು ಎಂದು ಯಾವ ಪುಣ್ಯಾತ್ಮನೂ ಹೇಳಲಿಲ್ಲ.

"ನನ್ನ ನೋಡಾಕ ಬಂದಾಗ ಅರ್ಧಾ ತಾಸಿನ್ಯಾಗ ಹೂಂ ಅಂದಿದ್ರಿ," ಎಂದಳು ಸುಮಂಗಲಾ. "ಈ ಗಾಜಿಗೆ ಆರು ತಿಂಗಳಾತ್ರಿ?"

"ಆಗ ನೋಡಾಕ ಒಂದ ಇತ್ತು," ಎಂದೆ. ಆ ದಿನ ಚಹಾ ಬರುವುದು ತಡವಾಯಿತು.

ಕೊನೆಗೆ ಶ್ರೀಶೈಲನೇ ಬೇಸತ್ತು ಎರಡು ಲೆನ್ಸು ತೆಗೆದು ಮೇಜಿನ ಮೇಲಿಟ್ಟ. ಒಂದು ಅಗಲದ್ದು: ಮುಂದಿರುವುದನ್ನೆಲ್ಲ, ಅಕ್ಕಪಕ್ಕದ್ದನ್ನೂ ಬಾಚಿ ಒಳಗೆ ಹಾಕಿಕೊಳ್ಳುತ್ತದೆ. ಇನ್ನೊಂದು ಉದ್ದನೆಯ ಕೊಳವೆಯಂಥದು, ದೂರದ್ದನ್ನು ಎಳೆದು ತರುತ್ತದೆ. "ಇಟ್ಕೊಂಡ ನೋಡ್ರಿ ಸರ, ಯಾವುದು ಕೈಗಿ ಹೊಂದತೈತಿ ಅದನ್ನ ತಗೋರಿ," ಎಂದ. ಮತ್ತೆ ಏನೋ ನೆನೆಸಿಕೊಂಡು ಡ್ರಾ ಎಳೆದು, ಗೀರು ಬಿದ್ದ ಒಂದು ಗಿಡ್ಡ ಲೆನ್ಸನ್ನೂ ಚೀಲಕ್ಕೆ ಹಾಕಿದ.

"ಇದೇನು ಮಾಡತೈತಿ?" ಎಂದೆ.

"ಇದು ಐವತ್ತು ಎಂ.ಎಂ. ಲೆನ್ಸು, ನಾವು ಐವತ್ತರದು ಅಂತೇವ್ರಿ. ಏನೂ ಮಾಡಂಗಿಲ್ಲ. ಅಗಲಾನೂ ಮಾಡಂಗಿಲ್ಲ, ದೂರಿಂದು ಹಂತ್ಯಾಕೂ ತರಂಗಿಲ್ಲ. ಕಣ್ಣಿಗೆ ಕಂಡಂಗ ಕಾಣತೈತಿ, ಅಷ್ಟ. ದೊಡ್ಡದು ಸಣ್ಣದು ಬೇಕಂದ್ರ ಇದು ಸರಿಯಂಗಿಲ್ಲರಿ, ನೀವ ಸರೀಬೇಕು."

ಕಣ್ಣಿಗೆ ಕಂಡಂತೆಯೇ ಕಾಣುವುದಾದರೆ ನನಗೆ ಕಣ್ಣಿದೆಯಲ್ಲ ಎಂದುಕೊಂಡು ಅದನ್ನು ಚೀಲದ ತಳಕ್ಕೆ ತಳ್ಳಿದೆ.

ಅಗಲದ ಲೆನ್ಸಿನ ಮೊದಲ ಪ್ರಯೋಗ ಬಬಲೇಶ್ವರದಲ್ಲಿ, ಅಂದರೆ ಹೆಂಡತಿಯ ತವರಿನಲ್ಲಿ ನಡೆಯಿತು. ಬಯಲಿನ ಫೋಟೋ ತೆಗೆಯಲು ಹೋದವನಿಗೆ ಮನೆಮಂದಿಯೆಲ್ಲ ಸಾಲಾಗಿ ಎದುರು ನಿಂತುಬಿಟ್ಟರು. ಹದಿನಾಲ್ಕು ಜನ ಒಂದೇ ಏಟಿಗೆ ಒಳಗೆ ಬಂದರು! ನಾನು ಲೆನ್ಸಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ. ಫೋಟೋ ತೊಳೆಸಿ ನೋಡಿದರೆ ನಡುವಿನವರು ಸರಿಯಾಗಿದ್ದರು, ತುದಿಯಲ್ಲಿ ನಿಂತಿದ್ದ ನಮ್ಮ ಅತ್ತೆಯವರು ಮಾತ್ರ ಇಬ್ಬರಷ್ಟು ಅಗಲವಾಗಿದ್ದರು. ಸುಮಂಗಲಾ ಎರಡು ದಿನ ಮಾತು ಬಿಟ್ಟಳು. ಶ್ರೀಶೈಲನಿಗೆ ತೋರಿಸಿದರೆ ಬಿದ್ದು ಬಿದ್ದು ನಕ್ಕ. "ಅಂಚಿಗೆ ಯಾವಾಗಲೂ ಸಣಕಲು ಮಂದೀನ ನಿಂದರಸಬೇಕ್ರಿ ಸರ. ನಾವು ಮದುವ್ಯಾಗ ಹಂಗ ಮಾಡ್ತೇವಿ. ದಪ್ಪನ್ನವ್ರನ್ನ ಮರ್ಯಾದಿ ಕೊಟ್ಟಂಗ ಮಾಡಿ ನಡುವ ಕರೀತೇವಿ." ಮದುವೆಗಳಲ್ಲಿ ಫೋಟೋದವನು ನನ್ನನ್ನು ಸದಾ ಅಂಚಿಗೇ ಯಾಕೆ ಕಳಿಸುತ್ತಾನೆ ಎಂಬ ಬಹುಕಾಲದ ಸಂಶಯ ಅವತ್ತು ಬಗೆಹರಿಯಿತು.

ಈಗ ದೊಡ್ಡವ್ವ.

ನನ್ನ ಅಪ್ಪನದು ಎರಡು ವರ್ಷಕ್ಕೊಂದು ಊರಿಗೆ ವರ್ಗವಾಗುವ ನೌಕರಿ. ಹುಡುಗನ ಸಾಲೆ ಕೆಡುತ್ತದೆ ಎಂದು ನನ್ನನ್ನು ತಿಕೋಟಾದಲ್ಲಿ ಅವ್ವನ ಅಕ್ಕನ ಹತ್ತಿರ ಬಿಟ್ಟರು. ಏಳನೆಯ ಇಯತ್ತೆಯವರೆಗೆ ನಾನು ದೊಡ್ಡವ್ವನ ಸೆರಗು ಹಿಡಿದೇ ಬೆಳೆದೆ. ಗೌರವ್ವ ಎಂದು ಆಕೆಯ ಹೆಸರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ನನ್ನನ್ನು ವಿಜಾಪುರಕ್ಕೆ, ಈಗಿನ ವಿಜಯಪುರಕ್ಕೆ, ಕರೆದೊಯ್ಯುತ್ತಿದ್ದಳು. ತೊರವಿ ದಾಟಿದ ಮೇಲೆ ದೂರದಲ್ಲಿ ಗೋಳಗುಮ್ಮಟ ಕಾಣುತ್ತದೆ. "ಒಂದ ಕಣ್ಣ ಮುಚ್ಚು," ಎನ್ನುತ್ತಿದ್ದಳು. "ಹೆಬ್ಬಟ್ಟ ಎತ್ತಿ ಹಿಡಿ. ಗುಮ್ಮಟ ಎಲ್ಲೈತಿ ಈಗ?"

"ಇಲ್ಲ!"

"ಎಲ್ಲಿ ಹೋತು?"

"ನನ್ನ ಬೆರಳ ಹಿಂದ!"

ಬಸ್ಸಿನಲ್ಲಿ ಇದ್ದವರಿಗೆಲ್ಲ ಗುಮ್ಮಟ ಮಾಯವಾಗಿದೆ ಎಂದೇ ನನ್ನ ನಂಬಿಕೆ. ಕಂಡಕ್ಟರ್ ಗಾಬರಿಯಾಗದೆ ಟಿಕೇಟು ಹರಿಯುತ್ತಿದ್ದುದು ನೋಡಿ ಆಶ್ಚರ್ಯವಾಗುತ್ತಿತ್ತು. ಪಾಪ ಎನಿಸಿ ಬೆರಳು ತೆಗೆದು ಎಲ್ಲರಿಗೂ ಅವರ ಗುಮ್ಮಟ ವಾಪಸ್ ಕೊಡುತ್ತಿದ್ದೆ. ಮುಂದೆ ನಾನು ಕಲಿಸಿದ ಭೂಗೋಳದ ಮೊದಲ ಪಾಠ ಅದೇ ಇರಬೇಕು.

ದೊಡ್ಡವ್ವನ ಹೊಲ ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಇದೆ. ಸುತ್ತೆಲ್ಲ ದ್ರಾಕ್ಷಿ ತೋಟ ಬಂದರೂ ಆಕೆ ಬಿಳಿಜೋಳ ಬಿಟ್ಟವಳಲ್ಲ. ಪಡುವಣಕ್ಕೆ ಹತ್ತಿದ ತೋಟ ಖಾಜಾಬಿ ಕಾಕುವಿನದು; ಚಿಕ್ಕಮ್ಮನಂಥವಳು ಎಂದು ನಮಗೆಲ್ಲ ಆಕೆ ಕಾಕು. ದೊಡ್ಡವ್ವ ಈ ಹೊಲಕ್ಕೆ ಸೊಸೆಯಾಗಿ ಕಾಲಿಟ್ಟ ವರ್ಷವೇ ಕಾಕು ಆ ಹೊಲಕ್ಕೆ ಸೊಸೆಯಾಗಿ ಬಂದವಳಂತೆ. ಎರಡೂ ಹೊಲದ ನಡುವೆ ಒಂದು ಬಾಂದಗಲ್ಲು, ಗಡಿ ತೋರಿಸಲು ಹುಗಿದ ಕಲ್ಲು. ಅದರ ಮೇಲೆ ಕೂತು ಇಬ್ಬರೂ ಅತ್ತೆಯರನ್ನು ಬೈದುಕೊಂಡು ಹಗುರಾಗಿ, ಮತ್ತೆ ಕೆಲಸಕ್ಕೆ ಹತ್ತುತ್ತಿದ್ದರಂತೆ. ಇದನ್ನು ಹೇಳುವಾಗ ಇಬ್ಬರೂ ಇವತ್ತಿಗೂ ಧ್ವನಿ ತಗ್ಗಿಸುತ್ತಾರೆ. ಅತ್ತೆಯರು ತೀರಿಹೋಗಿ ಎಷ್ಟೋ ಕಾಲವಾಯಿತು.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಸಜ್ಜೆ ರೊಟ್ಟಿ, ಕಡಬು, ಬದನೆಕಾಯಿ ಪಲ್ಯ, ಬುತ್ತಿ, ಹೋಳಿಗೆ ಎಲ್ಲ ಕಟ್ಟಿಕೊಂಡು ಹೋಗಿ, ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ಆ ಅಡಿಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿಕೊಂಡು ಹೊಲದ ಅಂಚಿಗುಂಟ ಹಿಡಿ ಹಿಡಿಯಾಗಿ ಭೂಮಿಗೆ ಉಣಿಸುತ್ತ ಹೋಗುವುದು. ಮುಂದೆ ಒಬ್ಬರು ಚೆಲ್ಲುತ್ತಾರೆ, ಹಿಂದೆ ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತಾರೆ. ನಮ್ಮ ಹೊಲದಲ್ಲಿ ಮುಂದೆ ದೊಡ್ಡವ್ವ, ಹಿಂದೆ ನೀರಿನ ತಂಬಿಗೆ ಹಿಡಿದು ಖಾಜಾಬಿ ಕಾಕು. ನಾನು ಕಣ್ಣು ಬಿಟ್ಟಾಗಿನಿಂದ ಇದೇ ಸಾಲು. ಉಣ್ಣುವ ಹೊತ್ತಿಗೆ ಕಾಕುವಿನ ಡಬ್ಬಿಯ ಒಣದ್ರಾಕ್ಷಿ ಬರುತ್ತಿತ್ತು. ನಮ್ಮ ಹೋಳಿಗೆ ಅವರ ಮನೆಗೆ ಹೋಗುತ್ತಿತ್ತು.

ದೊಡ್ಡವ್ವನಿಗೆ ಎಕರೆ ಗುಂಟೆಯ ಲೆಕ್ಕ ತಲೆಗೆ ಹತ್ತುವುದಿಲ್ಲ. ಆಕೆಯ ಅಳತೆ ಚರಗದ ಹಿಡಿ. ಹಿಡಿಗೂ ಹಿಡಿಗೂ ನಡುವೆ ಎಷ್ಟು ಹೆಜ್ಜೆ ಎಂದು ಆಕೆಯ ಕಾಲಿಗೆ ಗೊತ್ತು. ಬಾವಿಯಿಂದ ಬನ್ನಿಗಿಡಕ್ಕೆ ಹದಿನಾರು ಹಿಡಿ, ಬನ್ನಿಗಿಡದಿಂದ ಬಾಂದಗಲ್ಲಿಗೆ ಇಪ್ಪತ್ತೊಂದು ಹಿಡಿ. ಕಲ್ಲು ಮುಟ್ಟಿದ ಮೇಲೆ ಕೊನೆಯ ತುತ್ತು ಕಲ್ಲಿಗೇ ಇಟ್ಟು, "ಎರಡೂ ಕಡಿ ನೋಡಿಕೊಂಡಿರು ತಾಯಿ," ಎನ್ನುತ್ತಿದ್ದಳು.

ಹೋದ ಮಳೆಗಾಲದಲ್ಲಿ ದೊಡ್ಡವ್ವ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಆಪರೇಷನ್ ಆಯಿತು. ಮಗ ಸೊಸೆ ಚೆನ್ನಾಗಿ ನೋಡಿಕೊಂಡರು, ವಾಕರ್ ಹಿಡಿದು ಪಡಸಾಲೆಯಲ್ಲಿ ಓಡಾಡುವಂತಾದಳು. ಆದರೆ ಹೊಲದ ದಾರಿಯ ಕುಲುಕಾಟ ವರ್ಷದ ಮಟ್ಟಿಗೆ ಕೂಡದು ಎಂದರು ಡಾಕ್ಟರು. ಎಳ್ಳಮಾವಾಸ್ಯೆ ಬಂತು, ನಾವೂ ತಿಕೋಟಾಕ್ಕೆ ಹೋದೆವು. ಬುತ್ತಿ ಕಟ್ಟುವ ಗದ್ದಲದ ನಡುವೆ ಆಕೆ ನನ್ನನ್ನು ಹತ್ತಿರ ಕರೆದಳು.

"ಮಲ್ಲೂ, ಅದೇನೋ ಡಬ್ಬಿ ತಗೊಂಡೀಯಂತ. ಹೊಲಾ ಹಿಡಕೊಂಡ ಬಾ ಯಪ್ಪಾ. ನಾ ಇಲ್ಲೇ ಕುಂತ ನೋಡ್ತೇನಿ."

ನನ್ನ ಎದೆ ತುಂಬಿ ಬಂತು. ಆರು ತಿಂಗಳು ಲೆನ್ಸು ಲೆನ್ಸು ಎಂದು ಒದ್ದಾಡಿದ್ದು ಈ ದಿನಕ್ಕಾಗಿಯೇ ಎನ್ನಿಸಿತು. ಸುಮಂಗಲಾಳನ್ನು ದೊಡ್ಡವ್ವನ ಜೊತೆ ಮನೆಯಲ್ಲಿ ಬಿಟ್ಟು ಉಳಿದವರೆಲ್ಲ ಹೋದೆವು. ಸೊಸೆ ಚರಗ ಚೆಲ್ಲಿದಳು, ಹಿಂದೆ ಕಾಕು ಎಂದಿನಂತೆ ನೀರು ಚಿಮುಕಿಸುತ್ತ ನಡೆದಳು. ಇಡೀ ಹೊಲ ಬರಬೇಕಲ್ಲ? ಅಗಲದ ಲೆನ್ಸು ಹಾಕಿದೆ. ಬನ್ನಿಗಿಡದ ಬುಡಕ್ಕೇ ನಿಂತು ಕಲ್ಲಿನ ದಿಕ್ಕಿಗೆ ಹಿಡಿದೆ. ಗಿಡ, ಜೋಳ, ಆಕಾಶ, ಮಂದಿ, ಎಲ್ಲವೂ ಬಂದವು. ಮರುದಿನ ದೊಡ್ಡದಾಗಿ ತೊಳೆಸಿಕೊಂಡು ತಂದು ದೊಡ್ಡವ್ವನ ತೊಡೆಯ ಮೇಲಿಟ್ಟೆ.

ಕಣ್ಣಿಗೆ ಚಾಳೀಸು ಏರಿಸಿ ನೋಡಿದಳು. "ಯಾರ ಹೊಲಾನೋ ಇದು?" ಎಂದಳು.

"ನಮ್ಮದ ಬೇ!"

"ನಮ್ಮ ಹೊಲಾ ಇಷ್ಟ ದೊಡ್ಡದ ಎಲ್ಲೈತಿ? ಈ ಬನ್ನಿಗಿಡ ಯಾಕ ಕುಡದಾವ್ರಂಗ ವಾಲೈತಿ? ಕಲ್ಲ ಎಲ್ಲಿ?"

ಕಲ್ಲು ದೂರದಲ್ಲಿ ಸಾಸಿವೆಯಷ್ಟಾಗಿ ಇತ್ತು. ಬೆರಳಿಟ್ಟು ತೋರಿಸಿದೆ. ಆಕೆ ಅದನ್ನು ಫೋಟೋದ ಮೇಲೆ ಕೂತ ಕಸ ಎಂದುಕೊಂಡು ಸೆರಗಿನಿಂದ ಒರೆಸಿದಳು. "ಇರಲಿ ಬಿಡಪ್ಪ, ತಗದಿಯಲ್ಲ," ಎಂದು ನನ್ನ ಗಲ್ಲ ಸವರಿದಳು. ಆ ಸಮಾಧಾನ ನನಗೆ ಬಹಳ ಚುಚ್ಚಿತು.

ದೂರದ ಕಲ್ಲನ್ನು ಹತ್ತಿರ ತರಬೇಕು, ಅಷ್ಟೇ ತಾನೇ? ರವಿವಾರ ಕೊಳವೆಯ ಲೆನ್ಸು ಹೊತ್ತು ಒಬ್ಬನೇ ಹೋದೆ. ಈ ಸಲ ಮೂಡಣ ತುದಿಯ ದಾರಿಯಲ್ಲಿ ನಿಂತು, ಬನ್ನಿಗಿಡ, ಅದರಾಚೆ ಕಲ್ಲು, ಅದರಾಚೆ ಕಾಕುವಿನ ತೋಟದ ಕಂಬ, ದ್ರಾಕ್ಷಿ ಒಣಗಿಸುವ ಶೆಡ್ಡಿನ ಹಸಿರು ಜಾಳಿಗೆ, ಎಲ್ಲವೂ ಒಂದೇ ಸಾಲಿನಲ್ಲಿ ಬರುವ ಹಾಗೆ ಹಿಡಿದೆ. ಕಲ್ಲಿಗೆ ಹಚ್ಚಿದ ಸುಣ್ಣ, ಕುಂಕುಮ ಸಹಿತ ಸ್ಪಷ್ಟವಾಗಿ ಬಂತು. ಇದಕ್ಕಿಂತ ಚೆಂದದ ಫೋಟೋ ನಾನು ತೆಗೆದಿರಲಿಲ್ಲ. ಇದೇ ಲೆನ್ಸು ನನ್ನದು ಎಂದು ದಾರಿಯಲ್ಲೇ ತೀರ್ಮಾನ ಮಾಡಿದೆ.

ಈ ಸಲ ದೊಡ್ಡವ್ವ ಹೊಲವನ್ನು ಕೂಡಲೇ ಗುರುತಿಸಿದಳು. ಮುಖ ಅರಳಿತು. ಮರುಕ್ಷಣ ಬಾಡಿತು.

"ಕಲ್ಲ ಬನ್ನಿಗಿಡದ ಬುಡಕ್ಕ ಬಂದೈತಲ್ಲೋ."

"ಇಲ್ಲ ಬೇ, ಅದು ಲೆನ್ಸಿನ ಗುಣ. ದೂರಿದ್ದದ್ದು ಹತ್ತ್ಯರ ಕಾಣತೈತಿ."

"ಇಪ್ಪತ್ತೊಂದ ಹಿಡಿ ದೂರ ಇದ್ದ ಕಲ್ಲು. ಈಗ ನಾಕ ಹಿಡಿ ಇಲ್ಲ. ಖಾಜಾನ ಶೆಡ್ಡ ನೋಡು, ಕಲ್ಲಿನ ಬೆನ್ನಿಗೇ ನಿಂತೈತಿ." ಫೋಟೋವನ್ನು ಬೋರಲು ಹಾಕಿದಳು. "ನಾ ಬಿದ್ದೇನಿ, ಹೊಲಕ್ಕ ಬರಂಗಿಲ್ಲ ಅಂತ ಸರಿಸ್ಯಾರ."

ನಾನು ಹೌಹಾರಿದೆ. ಮೂವತ್ತು ವರ್ಷದ ಭೂಗೋಳವನ್ನೆಲ್ಲ ಒಟ್ಟುಗೂಡಿಸಿ ವಿವರಿಸಿದೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಕೊನೆಗೆ ಹೆಬ್ಬೆರಳು ಎತ್ತಿ ಹಿಡಿದು, "ನೀನ ಕಲಿಸಿದ್ದಿ ಬೇ. ಬೆರಳಿನ ಹಿಂದ ಗುಮ್ಮಟ. ಹಂಗಂತ ಗುಮ್ಮಟ ಬೆರಳಿಗೆ ಹತ್ತಿ ನಿಂತಿತ್ತೇನು?" ಎಂದೆ.

"ಗುಮ್ಮಟ ಯಾರಪ್ಪಂದೂ ಅಲ್ಲ. ಹೊಲಾ ನಂದು," ಎಂದಳು.

ಸೊಸೆ ಹೇಳಿ ನೋಡಿದಳು, ಮಗ ಹೊಲಕ್ಕೆ ಹೋಗಿ ಬಂದು ಕಲ್ಲು ಅಲ್ಲೇ ಇದೆ ಎಂದ. "ನಿಮಗೇನ ಗೊತ್ತು, ನೀವು ಹಿಡಿ ಎಣಿಸಿದವರಲ್ಲ," ಎಂದಳು ದೊಡ್ಡವ್ವ. ಖಾಜಾಬಿ ಕಾಕು ವಾರಕ್ಕೊಮ್ಮೆ ನೋಡಲು ಬರುತ್ತಿದ್ದಳು. ಆ ವಾರ ಬಂದಾಗ ದೊಡ್ಡವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಆಕೆ ಇಟ್ಟು ಹೋದ ಒಣದ್ರಾಕ್ಷಿ ಡಬ್ಬಿಯ ಮುಚ್ಚಳ ಯಾರೂ ತೆಗೆಯದೆ ಹಾಗೇ ಉಳಿಯಿತು.

ಒಂದು ಮಾತು ಹೇಳುತ್ತೇನೆ. ಆ ಡಬ್ಬಿ ನೋಡಿದಾಗ ನನಗಾದ ನಾಚಿಕೆ ಜೀವಮಾನದಲ್ಲಿ ಆಗಿರಲಿಲ್ಲ. ಯಾವ ಸಾಹುಕಾರನೂ ಯಾವ ರಾಜಕಾರಣವೂ ಕೆಡಿಸಲಾಗದ ಗೆಳೆತನವನ್ನು ನಾನು ಒಂದು ಕೊಳವೆ ಹಿಡಿದು ಒಂದು ರವಿವಾರದಲ್ಲಿ ಕೆಡಿಸಿದ್ದೆ.

ಕಾಕು ಬುದ್ಧಿವಂತೆ. ಒಂದು ದಿನ ತಾನೇ ಫೋನು ಮಾಡಿದಳು. "ಮಲ್ಲೂ, ನಿಮ್ಮ ದೊಡ್ಡವ್ವಗ ಏನಾಗೇತಪಾ? ಎರಡ ಸಲಾ ಹೋದೆ. ಗ್ವಾಡಿ ಕಡಿ ಮಾರಿ ಮಾಡಿ ಮಲಗ್ತಾಳ. ನಿದ್ದಿ ಹತ್ತಿದವ್ರು ಅಷ್ಟ ಬಿಗಿಯಾಗಿ ಕಣ್ಣ ಮುಚ್ಚಂಗಿಲ್ಲ."

ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ಅವರ ತೋಟಕ್ಕೆ ಹೋಗಿ, ಫೋಟೋ ಮುಂದಿಟ್ಟು, ನಡೆದದ್ದನ್ನೆಲ್ಲ ಒಪ್ಪಿಸಿದೆ. ಕಾಕು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. "ನನ್ನ ಮ್ಯಾಲ ಅಂದಳಾ?" ಎಂದು ಒಂದೇ ಸಲ ಕೇಳಿದಳು. ನಂತರ ಫೋಟೋ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಅಯ್ಯ ಶಿವನ! ಖರೇನ ಕಲ್ಲ ಬುಡಕ್ಕ ಬಂದೈತಲ್ಲೋ!" ಎಂದು ಗಾಬರಿಯಾಗಿ, ಎದ್ದು ಹೋಗಿ ತೋಟದ ಅಂಚಿನಿಂದ ಕಲ್ಲನ್ನು ಒಮ್ಮೆ ನೋಡಿ ಬಂದಳು. "ನಾ ನೋಡಿದ್ರೂ ಹಂಗ ಅಂತಿದ್ದೆ," ಎಂದಳು. ಆ ಮಾತಿಗೆ ನನಗೆ ಅಳು ಬರುವುದೊಂದು ಬಾಕಿ.

"ನಾಳೆ ಮುಂಜಾನೆ ಬಾ," ಎಂದಳು. "ನಿಮ್ಮ ದೊಡ್ಡವ್ವಗ ಹೆಜ್ಜಿ ಎಣಿಸಿ ಹೇಳಿದ್ರ ತಿಳಿಯಂಗಿಲ್ಲ, ಹಿಡಿ ಎಣಿಸಿ ತೋರಿಸಬೇಕು. ಇಷ್ಟ ವರ್ಷ ಅಕಿ ಹಿಂದ ನೀರ ಚಿಮುಕಿಸಿಕೋತ ನಡದೇನಿ. ಎಲ್ಲೆಲ್ಲಿ ಹಿಡಿ ಬೀಳತಾವ ನನಗ ಗೊತ್ತಿಲ್ಲೇನು?"

ಮರುದಿನ ಮುಂಜಾನೆ ಹೋದಾಗ ಕಾಕು ಬುಟ್ಟಿ ತುಂಬ ಚುರಮುರಿ ತಂದಿದ್ದಳು. "ಹಬ್ಬ ಮುಗದೈತಿ, ಚರಗ ಅನ್ನಬ್ಯಾಡ. ಕರಿ ಮಣ್ಣಿನ ಮ್ಯಾಲ ಬೆಳ್ಳಗ ಕಾಣಬೇಕು, ಅದಕ್ಕ ಚುರಮುರಿ," ಎಂದಳು. ಬನ್ನಿಗಿಡದ ಕೆಳಗೆ ನಿಂತು ಮೊದಲ ಹಿಡಿ ಚೆಲ್ಲಿದಳು. ನಾನು ಯಾವ ಲೆನ್ಸು ಹಾಕಲಿ? ಅಗಲದ್ದು ದೂರ ಮಾಡಿತ್ತು, ಉದ್ದದ್ದು ಹತ್ತಿರ ಮಾಡಿ ಮನೆ ಕೆಡಿಸಿತ್ತು. ಚೀಲದ ತಳದಿಂದ ಗೀರು ಬಿದ್ದ ಐವತ್ತರದನ್ನು ತೆಗೆದೆ. ಕಾಕು ಒಂದು ಹಿಡಿ ಚೆಲ್ಲುವುದು, ನಾನು ಹಿಂದಿನಿಂದ ಒಂದು ಫೋಟೋ ತೆಗೆಯುವುದು. ಮತ್ತೆ ನಡೆಯುವುದು, ಮತ್ತೆ ಹಿಡಿ, ಮತ್ತೆ ಫೋಟೋ. ನಡುವೆ ಎಕ್ಕೆಗಿಡದ ಹತ್ತಿರ ಕಾಕು ನಿಂತು, ಬುಟ್ಟಿ ಕೆಳಗಿಟ್ಟು, ಮೊಣಕಾಲು ಒತ್ತಿಕೊಂಡಳು. "ಬಿಸಲ ಭಾಳ ಐತಿ," ಎಂದಳು. ಪುಷ್ಯದ ಚಳಿಯ ಮುಂಜಾನೆ ಬಿಸಿಲೆಲ್ಲಿಂದ ಬಂತು ಎಂದು ಭೂಗೋಳದ ಮಾಸ್ತರನಿಗೆ ಹೊಳೆಯಲಿಲ್ಲ. ಕಲ್ಲು ಮುಟ್ಟಿದ ಮೇಲೆ ಕೊನೆಯ ಹಿಡಿಯನ್ನು ಅದರ ಬುಡಕ್ಕೆ ಚೆಲ್ಲಿ, ಅದರ ಮೇಲೆ ಕೂತಳು, ಸೊಸೆಯಾಗಿದ್ದಾಗ ಕೂರುತ್ತಿದ್ದ ಹಾಗೆ. ಕೊನೆಯ ಫೋಟೋ ಅದು.

ಫೋಟೋ ತೊಳೆಸಲು ಕೊಟ್ಟು, ಶ್ರೀಶೈಲನಿಗೆ ಅಗಲದ ಮತ್ತು ಉದ್ದದ ಲೆನ್ಸು ಎರಡನ್ನೂ ವಾಪಸ್ ಕೊಟ್ಟೆ. ಫೋಟೋದ ಕಟ್ಟು ಕೈಗೆ ಬಂದಾಗ ಅಂಗಡಿಯಲ್ಲೇ ಎಣಿಸಿದೆ. ಇಪ್ಪತ್ತಮೂರು! ಮತ್ತೆ ಎಣಿಸಿದೆ. ಇಪ್ಪತ್ತಮೂರೇ. ಇಪ್ಪತ್ತೊಂದು ಎಂಬುದು ದೊಡ್ಡವ್ವನಿಗೆ ಮಂತ್ರವಿದ್ದ ಹಾಗೆ. ಎರಡು ಹೆಚ್ಚಾದರೆ ಅಳತೆಯೇ ಸುಳ್ಳು ಎನ್ನುತ್ತಾಳೆ, ಕಾಕು ಬೇಕೆಂದೇ ಮಾಡಿದಳು ಎನ್ನುತ್ತಾಳೆ. ಪರೀಕ್ಷೆಯಲ್ಲಿ ನಕಲು ಹೊಡೆದ ಎಷ್ಟು ಮಕ್ಕಳನ್ನು ನಾನು ಹೊರಗೆ ಹಾಕಿದ್ದೇನೋ! ಆ ದಿನ ನಾನೇ ನಡುವಿನಿಂದ ಎರಡು ಫೋಟೋ ಎಳೆದು ಅಂಗಿಯ ಕಿಸೆಗೆ ಸೇರಿಸಿದೆ. ಕಿಸೆಯಲ್ಲಿ ಉದ್ದದ ಲೆನ್ಸಿನ ಮುಚ್ಚಳವೂ ಮರೆತು ಉಳಿದಿತ್ತು. ಕಳವಿನ ಮಾಲೆಲ್ಲ ಒಂದೇ ಕಡೆ.

ತಿಕೋಟಾಕ್ಕೆ ಹೋಗಿ, ದೊಡ್ಡವ್ವನ ಮಂಚದ ಮೇಲಿನ ಕೌದಿಯ ಮೇಲೆ ಒಂದೊಂದಾಗಿ ಫೋಟೋ ಸಾಲು ಹಚ್ಚಿದೆ. "ಕಾಕು ಚೆಲ್ಯಾಳ, ನಾ ತಗದೇನಿ. ಎಣಿಸು ಬೇ."

ಮೊದಲ ಫೋಟೋ ನೋಡಿಯೇ ಆಕೆಯ ಕೈ ನಿಂತಿತು. "ಇದು ನಮ್ಮ ಹೊಲಾ," ಎಂದಳು. ಬೆರಳಿನಿಂದ ಒಂದೊಂದೇ ಬಿಳಿ ಚುಕ್ಕೆ ಮುಟ್ಟುತ್ತ ಹೊರಟಳು. ಮೊದಲು ಕಲ್ಲಿನ ಮೇಲೆ ಕಣ್ಣಿತ್ತು. ಆಮೇಲೆ ಇಲ್ಲಿ ಇಲಿಯ ಬಿಲ, ಇಲ್ಲಿ ಕುಸುಬಿಯ ಸಾಲು ಎಂದು ತನ್ನಷ್ಟಕ್ಕೇ ಹೇಳಿಕೊಳ್ಳತೊಡಗಿದಳು. ಆಕೆ ಎಣಿಸುತ್ತಿರಲಿಲ್ಲ, ಮಂಚದ ಮೇಲೆ ಕೂತಲ್ಲೇ ಹೊಲದಲ್ಲಿ ನಡೆಯುತ್ತಿದ್ದಳು. ಹನ್ನೊಂದರ ಮೇಲೆ ಬೆರಳು ನಿಂತಿತು.

"ಎಕ್ಕಿಗಿಡ ಎಲ್ಲಿ?"

ನಾನು ಮಾಡಿನ ಕಡೆ ನೋಡಿದೆ.

"ಇಲ್ಲಿ ಎಕ್ಕಿಗಿಡ ಬರಬೇಕು. ಅದನ್ನ ಬಿಟ್ಟ ಹ್ಯಾಂಗ ದಾಟೀರಿ? ಮಲ್ಲೂ, ಕಿಸೇದಾಗ ಏನೈತಿ?"

ನಾಲ್ಕು ದಶಕದ ನಂತರವೂ ನನ್ನ ಕಿಸೆ ಆಕೆಗೆ ಗೊತ್ತಾಗುತ್ತದೆ. ಬೆಲ್ಲ ಕದ್ದು ಸಿಕ್ಕಿಬಿದ್ದವನ ಹಾಗೆ ಎರಡೂ ಫೋಟೋ ತೆಗೆದು ಕೊಟ್ಟೆ. ಆಕೆ ಸಾಲನ್ನು ಬಿಡಿಸಿ, ಎಕ್ಕೆಗಿಡವನ್ನು ಅದರ ಜಾಗದಲ್ಲಿಟ್ಟು, ಮೊದಲಿನಿಂದ ಎಣಿಸಿದಳು. ಇಪ್ಪತ್ತಮೂರು. ಕೊನೆಯ ಫೋಟೋದಲ್ಲಿ ಕಲ್ಲಿನ ಮೇಲೆ ಕೂತ ಕಾಕು, ಒಂದು ಕೈ ಮೊಣಕಾಲಿನ ಮೇಲೆ.

ದೊಡ್ಡವ್ವ ಆ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದಳು.

"ಎರಡ ಹಿಡಿ ಹೆಚ್ಚ ಬಿದ್ದಾವ," ಎಂದಳು ಮೆಲ್ಲಗೆ. "ಅಕಿ ಹೆಜ್ಜಿ ಸಣ್ಣ ಆಗ್ಯಾವಲ್ಲೋ. ಮೊಣಕಾಲ ನೋಯಾಕತ್ತಾವ. ವಾರಕ್ಕೊಮ್ಮಿ ಬಂದ ನನ್ನ ಸೊಂಟಾ ಹ್ಯಾಂಗೈತಿ ಅಂತ ಕೇಳಿ ಹೋಗ್ತಾಳ, ತನ್ನ ಕಾಲಿಂದ ಒಂದ ಮಾತ ಹೇಳಿಲ್ಲ ನೋಡು." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹಿಂತಾ ಕಾಲಿನ್ಯಾಗ ಆ ಮಣ್ಣ ಹೆಂಟಿ ಮ್ಯಾಲ ನಡದಾಳ. ನಾ ಅಂದ ಮಾತಿಗೆ ನಡದಾಳ."

ಆಮೇಲೆ ಎಂದಿನ ಗತ್ತಿನ ದೊಡ್ಡವ್ವ ಎದ್ದು ಕೂತಳು. "ಏನ ನೋಡ್ತಿ? ಹೋಗಿ ಕರಕೊಂಡ ಬಾ ಅಕೀನ. ಅಕಿ ಮೊಣಕಾಲಿಗೆ ಎಣ್ಣಿ ಕಾಸಾಕ ಹೇಳ್ತೇನಿ."

ಕಾಕು ಬಂದಾಗ ಒಣದ್ರಾಕ್ಷಿ ಡಬ್ಬಿ ತೆರೆದಿತ್ತು, ಬಟ್ಟಲಲ್ಲಿ ಎಣ್ಣೆ ಬಿಸಿಯಾಗಿತ್ತು. ಹೊಸ್ತಿಲಲ್ಲಿ ನಿಂತವಳನ್ನು ದೊಡ್ಡವ್ವ ಒಮ್ಮೆ ನೋಡಿ ತಲೆ ತಗ್ಗಿಸಿದಳು.

"ಕಲ್ಲ ಸರದಿದ್ದಿಲ್ಲ ಖಾಜಾ. ನಾನ ಸರದಿದ್ದೆ."

"ಇರಲಿ ಬಿಡು ಗೌರಕ್ಕ. ಈ ಮಾಸ್ತರನ ಡಬ್ಬಿ ಸುಡಲಿ," ಎಂದಳು ಕಾಕು, ಮಂಚದ ತುದಿಗೆ ಕೂತು.

ಮಾಸ್ತರ ನಿರ್ಲಜ್ಜ. ಇಬ್ಬರನ್ನೂ ಕೂಡಿಸಿ ಒಂದು ಫೋಟೋ ತೆಗೆಯಬೇಕು ಎನಿಸಿಬಿಟ್ಟಿತು. ಕೈಯಲ್ಲಿದ್ದದ್ದು ಅದೇ ಐವತ್ತರ ಲೆನ್ಸು, ಕೋಣೆ ಸಣ್ಣದು. ಹಿಂದೆ ಸರಿದೆ, ಬೆನ್ನು ಗೋಡೆಗೆ ಹತ್ತಿತು. ದೊಡ್ಡವ್ವ ಬಂದರೆ ಕಾಕು ಹೊರಗೆ ಉಳಿಯುತ್ತಾಳೆ, ಕಾಕು ಬಂದರೆ ದೊಡ್ಡವ್ವನ ಅರ್ಧ ಮುಖ ಹೋಗುತ್ತದೆ. ಅಗಲದ ಲೆನ್ಸು ಇದ್ದಿದ್ದರೆ ಇಬ್ಬರೂ ಇದ್ದಲ್ಲೇ ಸರಾಗ ಬರುತ್ತಿದ್ದರು.

"ಇಬ್ಬರೂ ಹಿಡಸವಲ್ರಿ ಬೇ," ಎಂದೆ. "ನಾ ಬಾಗಲಾ ತಗದ ಅಂಗಳಕ್ಕ ಹೋಗಿ ನಿಂದರ್ತೇನಿ ತಡೀರಿ."

"ನೀ ಅಲ್ಲೇ ನಿಂದರು," ಎಂದಳು ದೊಡ್ಡವ್ವ. ವಾಕರನ್ನು ಆಚೆ ತಳ್ಳಿ, ಕಾಕುವಿನ ರಟ್ಟೆಗೆ ಕೈ ಹಾಕಿ ತನ್ನ ಕಡೆಗೆ ಎಳೆದುಕೊಂಡಳು. ಕಾಕು ಮೊಣಕಾಲು ನೋವಿಗೆ ಒಮ್ಮೆ ಮುಲುಗಿ, ನಕ್ಕು, ಆಕೆಯ ಭುಜಕ್ಕೆ ಭುಜ ತಾಗಿಸಿ ಕೂತಳು. "ನಾವ ಸರೀತೇವಿ. ಈಗ ನೋಡು."

ನೋಡಿದೆ. ಇಬ್ಬರೂ ಹಿಡಿಸಿದರು.